ಆಕ್ಲೆಂಡಿನ ಡಬ್ಬಿಯಲ್ಲಿ ಬಿದ್ದ ಉಡಿ

ವಿದೇಶಕ್ಕೆ ಹೊರಟವರು ನನ್ನ ಹತ್ತಿರ ಸಲಹೆ ಕೇಳಲು ಬಂದರೆ ನಾನು ಮೊದಲು ಅವರ ಕಾಲು ನೋಡುತ್ತೇನೆ. ಮುಖ ಆಮೇಲೆ. ಪಾಸ್‌ಪೋರ್ಟಿನಲ್ಲಿ ಮುಖ ಹೇಗೂ ಕುರಿಕಳ್ಳನ ಹಾಗೇ ಬಂದಿರುತ್ತದೆ, ಅದಕ್ಕೆ ಮದ್ದಿಲ್ಲ. ಕಾಲಿಗೆ ಮದ್ದಿದೆ. ನಮ್ಮ ಸೀಮೆಯ ಎರೆಮಣ್ಣು ಒಮ್ಮೆ ಬೂಟಿನ ತಳಕ್ಕೆ ಹತ್ತಿತೆಂದರೆ ಮದುವೆಮನೆಗೆ ಬಂದ ದೂರದ ನೆಂಟನಂತೆ ಕೂತುಬಿಡುತ್ತದೆ, ಎಬ್ಬಿಸಲಾಗದು. ನ್ಯೂಜಿಲೆಂಡಿನವರು ಅದನ್ನು ಬಾಂಬು ನೋಡಿದಂತೆ ನೋಡುತ್ತಾರೆ. ಆದ್ದರಿಂದ ಬೂಟು ತೊಳೆಯಿರಿ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯಿರಿ, ತೊಳೆದ ಮೇಲೆ ಹೊಲದ ಕಡೆ ಹೋಗಬೇಡಿ.

ವಿಮಾನದಲ್ಲಿ ಕೊಟ್ಟ ಸೇಬನ್ನು ವಿಮಾನದಲ್ಲೇ ತಿನ್ನಿ. ಮೊಮ್ಮಗನಿಗೆ ಎಂದು ಚೀಲದಲ್ಲಿಟ್ಟುಕೊಂಡರೆ ಆ ಸೇಬಿಗೆ ನೀವು ಕಟ್ಟುವ ದಂಡದಲ್ಲಿ ಹುಬ್ಬಳ್ಳಿಯ ಹಣ್ಣಿನ ಅಂಗಡಿಯನ್ನೇ ಮನೆಗೆ ತರಿಸಬಹುದಿತ್ತು. ಮಾತ್ರೆಗಳ ಜೊತೆ ಡಾಕ್ಟರ ಚೀಟಿ ಇರಲಿ. ಅಡಕೊತ್ತನ್ನು ಕೈಚೀಲದಲ್ಲಿ ಇಡಬೇಡಿ. ನಿಮಗದು ಅಡಿಕೆ ಕತ್ತರಿಸುವ ಸಾಧನ, ಅವರಿಗೆ ಆಯುಧ. ಅಧಿಕಾರಿ ಒಂದು ಕೇಳಿದರೆ ಒಂದೇ ಹೇಳಿ. ಅಳಿಯನ ನೌಕರಿ, ಬೋರಿನ ನೀರು, ಮಂಡಿನೋವು ಅವನಿಗೆ ಬೇಡ.

ಇಷ್ಟೆಲ್ಲ ಆದ ಮೇಲೆ ಹೆಂಗಸರಿಗೆಂದೇ ಒಂದು ಸಲಹೆ ಉಳಿಯುತ್ತದೆ: ಹೊರಡುವಾಗ ತವರಿನವರು ಉಡಿ ತುಂಬಿದ್ದರೆ ಅದನ್ನು ದೇವರ ಮಾಡದಲ್ಲಿಟ್ಟು ಹೋಗಿ. ಇದನ್ನು ಹೇಳಿದಾಗ ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಬೇರೆಯವರ ನಗೆಯಲ್ಲಿ.

ಬೇರೆಯವರ ನಗೆ ಎಂದೆನಲ್ಲ, ಅದೇ ನನ್ನ ಕಸುಬು. ಗುಡಗೇರಿ ಹತ್ತಿರದ ಹಳ್ಳಿಯವನು ನಾನು. ಬಿ.ಎ. ಪಾಸಾದ ಮೇಲೆ ಕೈಯಲ್ಲುಳಿದ ವಿದ್ಯೆ ಒಂದೇ, ಇನ್ನೊಬ್ಬರ ಧ್ವನಿ ತೆಗೆಯುವುದು. ಅದು ಬಿ.ಎ.ಗಿಂತ ಮೊದಲೂ ಬರುತ್ತಿತ್ತು. ಸ್ಟೇಷನ್ನಿನಲ್ಲಿ ರೈಲು ತಡವೆಂದು ಸಾರುವ ಹೆಣ್ಣುಧ್ವನಿ, ಕಾಳಿನ ಸವಾಲು ಕೂಗುವವನು, ಹಲ್ಲಿಲ್ಲದ ನಮ್ಮ ಗಣಿತದ ಮಾಸ್ತರರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನನ್ನ ಸ್ವಂತ ಧ್ವನಿ ಹೇಗಿದೆ ಎಂದು ಒಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ತಗಡಿನ ಡಬ್ಬಿಯಲ್ಲಿ ಸಿಕ್ಕಿಕೊಂಡ ಕಪ್ಪೆ. ಅಂದಿನಿಂದ ಅದನ್ನು ಹೆಚ್ಚು ಬಳಸುವುದಿಲ್ಲ.

ನನ್ನ ಸರಕಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅಪ್ಪನ ಧ್ವನಿ. ಅದಕ್ಕೆ ಗಿರಾಕಿ ಒಬ್ಬಳೇ: ಅಪ್ಪನ ತಂಗಿ, ನನ್ನ ಸೋದರತ್ತೆ. ಅವಳನ್ನು ಕೊಟ್ಟದ್ದು ಕಲಘಟಗಿ ಕಡೆಯ ಬಮ್ಮಿಗಟ್ಟಿಗೆ. ನಾನು ಸಣ್ಣವನಿದ್ದಾಗ ಒಂದು ನಾಗರಪಂಚಮಿಗೆ ತವರಿಗೆ ಬಂದಿದ್ದಳು. ಹೊರಡುವ ದಿನ ಅವ್ವ ಅವಳನ್ನು ಮಣೆಯ ಮೇಲೆ ಕೂಡಿಸಿ ಸೆರಗಿಗೆ ಉಡಿ ತುಂಬುತ್ತಿದ್ದಳು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ, ಅಡಿಕೆ. ಅತ್ತೆ ಮೆತ್ತಗೆ ಕೇಳಿದಳು.

"ಅಣ್ಣಾ, ಹಳ್ಳದ ಬಾಜೂಕಿನ ಹೊಲದಾಗ ನನಗೂ ಒಂದ ತುಕಡಿ ಬರ್ತೈತೆಲ್ಲ?"

ಅಪ್ಪ ಎದ್ದು ನಿಂತ. "ಒಗಿ ಅದನ್ನ! ಒಗದು ನಡಿ ಹೊರಗ!"

ಒಗೆಯಬೇಕಾದದ್ದು, ಎಂದರೆ ಎಸೆಯಬೇಕಾದದ್ದು, ಉಡಿ. ತವರು ಕೊಟ್ಟ ಉಡಿಯನ್ನು ಒಗೆದ ಹೆಣ್ಣಿಗೆ ಆಮೇಲೆ ತವರಿಲ್ಲ. ನಮ್ಮಲ್ಲಿ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅತ್ತೆ ಎದ್ದು ಅಂಗಳಕ್ಕೆ ಹೋಗಿ ಸೆರಗು ಕೊಡವಿದಳು. ಅಪ್ಪನ ಎಮ್ಮೆ ಕುತ್ತಿಗೆ ಚಾಚಿ ಅಕ್ಕಿ ನೆಕ್ಕಿತು. ಎಮ್ಮೆಗೆ ಅಪ್ಪ ಬೈಯಲಿಲ್ಲ. ಎಮ್ಮೆಗೆ ಅವನು ಯಾವತ್ತೂ ಬೈದವನಲ್ಲ.

ಮುಂದೆ ಅಣ್ಣ ತಂಗಿಯ ನಡುವೆ ಮಾತಿಲ್ಲ. ನಾನು ಮಾತ್ರ ಶಾಲೆಯ ಸೂಟಿಯಲ್ಲಿ ಬಮ್ಮಿಗಟ್ಟಿಗೆ ಹೋಗುತ್ತಿದ್ದೆ. ಅತ್ತೆ ನನ್ನ ಮುಂದೆ ಒಗ್ಗರಣೆ ಅವಲಕ್ಕಿ ಇಟ್ಟು, ನಾನು ಅರ್ಧ ತಿನ್ನುವವರೆಗೆ ಕಾದು, ಹೇಳುತ್ತಿದ್ದಳು, "ನಿಮ್ಮಪ್ಪನ ಧ್ವನಿ ತಗಿಯೋ ಮಂಗ್ಯಾ."

ನಾನು ಎದ್ದು ನಿಂತು, ಅಪ್ಪನ ಹಾಗೆ ಎಡಗೈಯಿಂದ ಧೋತರದ ಚುಂಗು ಎತ್ತಿದಂತೆ ಮಾಡಿ, "ಒಗಿ ಅದನ್ನ! ಒಗದು ನಡಿ ಹೊರಗ!" ಎನ್ನುತ್ತಿದ್ದೆ. ಅತ್ತೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಒಳಗಿನಿಂದ ಮಾವ, "ಮತ್ತ ಬಂದ್ನೇನು ನಿಮ್ಮಣ್ಣ?" ಎಂದು ಕೇಳುತ್ತಿದ್ದ.

ಕಳೆದ ವರ್ಷ ಆ ಕಡೆಯ ರೈತರ ಗುಂಪೊಂದು ನ್ಯೂಜಿಲೆಂಡ್ ಪ್ರವಾಸಕ್ಕೆ ಹೊರಟಿತು. ಹೇಳಿಕೊಳ್ಳಲು ಹೈನುಗಾರಿಕೆ ನೋಡುವುದು, ಒಳಗೊಳಗೆ ಫೋಟೋ ತೆಗೆಸಿಕೊಳ್ಳುವುದು. ಮಾವನ ಮಂಡಿ ಕೈಕೊಟ್ಟಿತ್ತು. ಹೆಂಡತಿ ಮನೆ ಬಿಟ್ಟು ಎಲ್ಲೂ ಹೋದವಳಲ್ಲ, ಹೋಗಲಿ ಎಂದು ಅವಳ ಜೊತೆಗೆ ನನ್ನ ಹೆಸರು ಬರೆಸಿದ. ಖರ್ಚು ಅವನದು, ಬಾಯಿ ನನ್ನದು. ನಾನಾದರೂ ಆವರೆಗೆ ಕಂಡ ವಿದೇಶವೆಂದರೆ ಅಳ್ನಾವರದ ಆಚೆಯ ಗೋವಾ. ಆದರೂ ಮೊಬೈಲಿನಲ್ಲಿ ಹತ್ತಾರು ವಿಡಿಯೋ ನೋಡಿ ಪಂಡಿತನಾದೆ, ಬಮ್ಮಿಗಟ್ಟಿಯ ಕಟ್ಟೆಯ ಮೇಲೆ ಕೊರಳಿಗೆ ಟವೆಲ್ಲನ್ನು ಟೈಯಂತೆ ಕಟ್ಟಿಕೊಂಡು ಅಧಿಕಾರಿಯಾಗಿ ಕೂತು ಎಲ್ಲರಿಗೂ ತಾಲೀಮು ಕೊಟ್ಟೆ.

ಗುಂಪಿನ ಹಿರಿಯನನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಪಕ್ಕದ ಊರಿನ ದೊಡ್ಡ ಜಮೀನುದಾರ. ಒಮ್ಮೆ ದುಬೈಗೆ ಹೋಗಿ ಬಂದಿದ್ದ, ಅಲ್ಲಿಂದ ಇನ್ನೂ ಪೂರ್ತಿ ವಾಪಸಾಗಿರಲಿಲ್ಲ.

"ಯಾಕ ಬಂದೀರಿ ನಮ್ಮ ದೇಶಕ್ಕ?" ಎಂದು ಗದರಿಸಿದೆ.

"ಕುರಿ ನೋಡಾಕ್ರಿ."

"ನಿಮ್ಮೂರಾಗ ಕುರಿ ಇಲ್ಲೇನ್ರಿ?"

"ಅದಾವ್ರಿ. ನೋಡಿ ನೋಡಿ ಸಾಕಾಗೈತ್ರಿ." ಎಲ್ಲರೂ ನಕ್ಕಾಗ ಕಾಕಾನಿಗೆ ಸಿಟ್ಟು ಬಂತು. "ಲೇ, ದುಬೈದಾಗ ಹಿಂಗೆಲ್ಲಾ ಕೇಳೂದಿಲ್ಲಲೇ!"

ತಂಗಿ ವಿಮಾನ ಹತ್ತುತ್ತಾಳೆ ಎಂಬುದು ಅಪ್ಪನಿಗೆ ಗೊತ್ತಾದದ್ದು ಗುಡಗೇರಿ ಸಂತೆಯಲ್ಲಿ, ಮೆಣಸಿನಕಾಯಿ ಕೊಳ್ಳುತ್ತಿದ್ದಾಗ, ಬೇರೆಯವರ ಬಾಯಿಂದ. ಮಗನೂ ಜೊತೆಗೆ ಹೊರಟಿದ್ದಾನೆ ಎಂಬುದನ್ನೂ ಅವರೇ ಹೇಳಿದರು. ಮನೆಯಲ್ಲಿ ಹೇಳುವಷ್ಟು ಧೈರ್ಯ ನನ್ನ ಯಾವ ಧ್ವನಿಗೂ ಇರಲಿಲ್ಲ. ಊರವರು ಕೇಳಿದರೆ ಹೇಳಲು ತನ್ನ ಬಳಿ ಏನೂ ಇಲ್ಲವಲ್ಲ ಎಂಬುದು ಅಪ್ಪನನ್ನು ಚುಚ್ಚಿರಬೇಕು. ಎರಡು ದಿನ ಮುಖ ಬಿಗಿದುಕೊಂಡಿದ್ದ. ಮೂರನೆಯ ದಿನ ಅವ್ವನ ಮುಂದೆ ಗೊಣಗಿದ, "ಹೋಗೂ ದಿನಾ ಈ ಕಡಿಂದ ಹಾದು ಹೋಗಂತ ಹೇಳು ಅಕಿಗೆ." ಅವ್ವ ಆ ಗೊಣಗಾಟವನ್ನು ಆಮಂತ್ರಣವಾಗಿ ಅನುವಾದಿಸಿ ಫೋನು ಮಾಡಿದಳು.

ಅತ್ತೆ ಬಂದಳು. ಹಸಿರು ಇಳಕಲ್ ಸೀರೆ, ಕಾಲಿಗೆ ಹೊಸ ಬೂಟು. ಸೀರೆಯ ಕೆಳಗೆ ಬೂಟುಗಳು ಎರಡು ಬಿಳಿ ಮೊಲಗಳ ಹಾಗೆ ಇಣುಕುತ್ತಿದ್ದವು. ಅವ್ವ ಅದೇ ಮಣೆ ಹಾಕಿದಳು. "ಬಾರವಾ ತಂಗಿ, ಕುಂದರು." ಅಪ್ಪ ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಅವ್ವ ಹೊಸ ಕುಪ್ಪಸದ ಖಣದಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಎಲೆ, ಅಡಿಕೆ ಹಾಕಿ ಗಂಟು ಕಟ್ಟಿ ಅತ್ತೆಯ ಮಡಿಲಿಗಿಟ್ಟಳು. ಆಗ ಗೋಡೆಗೆ ಅಪ್ಪ ಹೇಳಿದ:

"ಬಿಚ್ಚಬಾರದು ಅಂತ ಹೇಳು ಅಕಿಗೆ. ತಿರುಗಿ ಬಂದ ಮ್ಯಾಲೆ ಇಲ್ಲೇ ಬಿಚ್ಚಿ, ಆ ಅಕ್ಕೀಲೇ ಇಲ್ಲೇ ಹುಗ್ಗಿ ಮಾಡಬೇಕು. ಆಮ್ಯಾಲೆ ಬೇಕಾದ್ರ ಹೋಗೂದು ಬರೂದು ಮಾಡ್ಲಿ."

ಅತ್ತೆ ಗಂಟನ್ನು ಕಣ್ಣಿಗೊತ್ತಿಕೊಂಡಳು. ಅದು ಮುಗಿಯುವಷ್ಟರಲ್ಲಿ ನಾನು ಹಳ್ಳದ ಪಕ್ಕದ ಹೊಲಕ್ಕೆ ಹೋಗಿದ್ದೆ, ಕೆಲಸದಾಳುಗಳಿಗೆ ನನ್ನ ಹೊಸ ಬೂಟು ತೋರಿಸಲು. ಪಂಡಿತನ ಬುದ್ಧಿ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೂತು, ಆ ದೇಶದವರು ಮುಂಚಿತವಾಗಿ ಕೇಳುವ ಪ್ರಶ್ನೆಗಳಿಗೆ ಮೊಬೈಲಿನಲ್ಲಿ ಎಲ್ಲರ ಪರವಾಗಿ ಉತ್ತರ ತುಂಬಿದೆ. ಅತ್ತೆಯನ್ನೂ ಕೇಳಿದೆ.

"ಅತ್ತೀ, ಬೀಜ, ಕಾಳು, ಎಲಿ, ತಿನ್ನೂದು, ಏನರ ಅದಾವೇನು ನಿನ್ನ ಕಡೆ?"

"ಏನೂ ಇಲ್ಲೋ. ನಿನ್ನ ಮಾತ ಕೇಳಿ ಶೇಂಗಾ ಹಿಂಡಿ ಸೈತ ಬಿಟ್ಟ ಬಂದೇನಿ."

ಅವಳು ಸುಳ್ಳು ಹೇಳಲಿಲ್ಲ. ಅಕ್ಕಿ ಖಣದೊಳಗೆ ಬಿದ್ದು ಗಂಟಾದ ಮೇಲೆ ಅಕ್ಕಿಯಲ್ಲ, ಉಡಿ. ಕೊರಳ ತಾಳಿಯನ್ನು ಯಾರಾದರೂ ಬಂಗಾರದ ಸಾಮಾನಿನ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಗಂಟನ್ನು ಹುಬ್ಬಳ್ಳಿಯಲ್ಲಿ ಬೀಳ್ಕೊಡಲು ಬಂದಿದ್ದ ಮಾವನ ಕೈಗೆ ಕೊಟ್ಟಿರುತ್ತಾಳೆ ಎಂದು ನಾನು ತಿಳಿದಿದ್ದೆ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಪರದೆಯ ಹಿಂದೆ ತಪಾಸಣೆ ಮಾಡಿದ ನಮ್ಮ ಕಡೆಯ ಹೆಣ್ಣುಮಗಳು ಗಂಟು ಮುಟ್ಟಿ, "ಉಡಿ ಏನವ್ವಾ?" ಎಂದು ಕೇಳಿ ಕೈಮುಗಿದು ಬಿಟ್ಟಳಂತೆ. ದೇಶದೊಳಗೆ ಉಡಿಗೆ ವೀಸಾ ಬೇಕಿಲ್ಲ.

ಮಧ್ಯೆ ಒಂದು ಕಡೆ ವಿಮಾನ ಬದಲಿಸಿ, ಕಾಲು ಊದಿಸಿಕೊಂಡು ಆಕ್ಲೆಂಡಿನಲ್ಲಿ ಇಳಿದೆವು. ಪಾಸ್‌ಪೋರ್ಟಿನವರು ಸುಮ್ಮನೆ ಬಿಟ್ಟರು, ಕಾಕಾನಿಗೆ ಕುರಿಯ ವಿಷಯ ಹೇಳುವ ಅವಕಾಶವೇ ಸಿಗಲಿಲ್ಲ. ಸಾಮಾನು ಬರುವ ಕಡೆ ನಿಂತಾಗ, ತಿನ್ನುವ ವಸ್ತು ಇದ್ದರೆ ಇಲ್ಲೇ ಹಾಕಿ ಹೋಗಿ ಎಂದು ಬರೆದ ದೊಡ್ಡ ಡಬ್ಬಿಗಳಿದ್ದವು. ಸಮವಸ್ತ್ರದ ಹುಡುಗಿಯೊಬ್ಬಳು ಸಣ್ಣ ಕಂದು ನಾಯಿಯೊಂದನ್ನು ಹಿಡಿದುಕೊಂಡು ಬಂದಳು. ನಾಯಿ ಎಲ್ಲರ ಚೀಲ ಮೂಸುತ್ತ ಬಂದು ಅತ್ತೆಯ ಮುಂದೆ ಕುಂಡಿಯೂರಿ ಕೂತಿತು.

"ಎಷ್ಟ ಶಾಣ್ಯಾ ಐತಿ ನೋಡೋ," ಅತ್ತೆ ಅರಳಿದಳು. "ಇಷ್ಟ ಮಂದ್ಯಾಗ ನನ್ನ ಮುಂದ ಬಂದು ಕುಂತೈತಿ. ಏನರ ಋಣಾನುಬಂಧ ಇರಬೇಕು."

ತಿನ್ನುವ ವಸ್ತುವಿನ ವಾಸನೆ ಹಿಡಿದರೆ ಆ ನಾಯಿ ಹಾಗೆ ಕೂರುತ್ತದೆ ಎಂಬುದು ಗುಂಪಿನಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಈಕೆ ನಿಮ್ಮ ಗುಂಪಿನವರೇ ಎಂದು ಹುಡುಗಿ ಕಾಕಾನನ್ನು ಕೇಳಿದಳು. ಕಾಕಾ ಎರಡು ಹೆಜ್ಜೆ ಹಿಂದೆ ಸರಿದ. "ನೋ ನೋ ಮೇಡಂ. ದಟ್ ಲೇಡಿ, ಬಮ್ಮಿಗಟ್ಟಿ. ವೀ, ಅದರ್ ವಿಲೇಜ್." ಬಮ್ಮಿಗಟ್ಟಿ ಎಂದರೆ ಯಾವುದೋ ಶತ್ರುರಾಷ್ಟ್ರ ಎಂಬಂತೆ. ಜೊತೆಗೆ ವಿಮಾನದಲ್ಲಿ ಅತ್ತೆಯ ಹೆಗಲ ಮೇಲೆ ಮಲಗಿ ಬಂದಿದ್ದ ಹೆಂಗಸರೂ ತಮ್ಮ ಚೀಲ ಎಳೆದುಕೊಂಡು ದೂರ ನಿಂತರು.

ಗಂಟು ಹೊರಗೆ ಬಂತು. ಎಲೆ ಇನ್ನೂ ಹಸಿರಾಗಿತ್ತು. ಹುಡುಗಿ ಒರಟಾಗಿ ಮಾತಾಡಲಿಲ್ಲ. ಒರಟಾಗಿದ್ದರೆ ಸುಲಭವಿತ್ತು, ನಾನು ಅವಳನ್ನು ಅಣಕಿಸಿಯಾದರೂ ಬದುಕುತ್ತಿದ್ದೆ. ನಗುನಗುತ್ತಲೇ ಹೇಳಿದಳು: ಈಗಲೇ ಡಬ್ಬಿಗೆ ಹಾಕಿದರೆ ಏನೂ ಇಲ್ಲ, ಹಿಡಿದುಕೊಂಡು ಮುಂದೆ ಹೋದರೆ ದಂಡ, ವಿಚಾರಣೆ, ಗಂಟು ಹೇಗೂ ಹೋಗುತ್ತದೆ.

"ಉಡಿ ಅಂತ ಹೇಳೋ ಅಕಿಗೆ," ಅಂದಳು ಅತ್ತೆ.

ಅಣ್ಣ ತಂಗಿಗೆ ಕೊಟ್ಟದ್ದು ಎಂದು ಹೇಳಹೊರಟ ನನ್ನ ಬಿ.ಎ. ಇಂಗ್ಲಿಷು ಅರ್ಧದಾರಿಯಲ್ಲಿ ಮುಗ್ಗರಿಸಿತು. "ಮೇಡಂ, ಇನ್‌ಸೈಡ್ ದಿಸ್, ಹರ್ ಬ್ರದರ್." ಹುಡುಗಿ ಗಂಟನ್ನು ಹೊಸ ಭಯದಿಂದ ನೋಡಿದಳು. ಸತ್ತವರ ಬೂದಿ ಎಂದುಕೊಂಡಳೋ ಏನೋ. ಬದುಕಿದ್ದಾನೆ ಎಂದು ತಿಳಿಸಲು ಮತ್ತೆರಡು ವಾಕ್ಯ ಬೇಕಾದವು.

ಅತ್ತೆ ಗಂಟನ್ನು ಎದೆಗವಚಿಕೊಂಡಳು. "ನನ್ನ ಒಳಗ ಬಿಡೂದ ಬ್ಯಾಡ ಅನ್ನು. ಬಂದ ವಿಮಾನಕ್ಕ ತಿರುಗಿ ಕಳಸಂತ ಹೇಳು. ನಾ ಕುರಿ ನೋಡದಿದ್ರ ನಡೀತೈತಿ. ಇದನ್ನ ತಗೊಂಡು ಹೊಳ್ಳಿ ಹೋಗ್ತೇನಿ."

"ಒಂದ ಮುಷ್ಟಿ ಅಕ್ಕಿ ಸಲವಾಗಿ ಎಲ್ಲಾರ್ನೂ ಜೈಲಿಗೆ ಹಾಕಸ್ತೀಯೇನವಾ?" ಶತ್ರುರಾಷ್ಟ್ರದ ಗಡಿಯಾಚೆಯಿಂದ ಕಾಕಾ ಕೂಗಿದ. "ಹೊರಗ ಬಸ್ಸು ಕಾಯಾಕತ್ತೈತಿ!"

ಅತ್ತೆ ಅಲ್ಲಾಡಲಿಲ್ಲ. ಹುಡುಗಿ ಇನ್ನೊಬ್ಬ ಅಧಿಕಾರಿಯನ್ನು ಕೈ ಮಾಡಿ ಕರೆದಳು. ಅವನು ಹತ್ತಿರ ಬರುತ್ತಿದ್ದ. ನಾನು ಅತ್ತೆಯ ಬೆನ್ನ ಹಿಂದೆ ನಿಂತಿದ್ದೆ. ನನ್ನ ಎಡಗೈ ತಾನಾಗಿ ಧೋತರದ ಚುಂಗು ಎತ್ತಿತು, ಹಾಕಿದ್ದದ್ದು ಜೀನ್ಸು.

"ಒಗಿ ಅದನ್ನ! ಒಗದು ನಡಿ ಹೊರಗ!"

ನಾಯಿ ಎದ್ದು ನಿಂತಿತು. ಅತ್ತೆಯ ಕೈ ಬಿಚ್ಚಿತು. ಗಂಟು ಡಬ್ಬಿಯ ತಳಕ್ಕೆ ಬಿತ್ತು, ಕೊಬ್ಬರಿ ಬಟ್ಟಲು ಟಕ್ ಎಂದದ್ದು ಕೇಳಿಸಿತು. ಅತ್ತೆ ಹಿಂದೆ ತಿರುಗಿ ನೋಡಿದಳು. ನಾನಿದ್ದೆ. ನನ್ನ ಆಚೆ ಈಚೆಯೂ ನೋಡಿದಳು, ಇನ್ನೊಬ್ಬನನ್ನು ಹುಡುಕುವವಳಂತೆ. ಆಮೇಲೆ ಹೊರಬಾಗಿಲಿನ ಕಡೆ ನಡೆದಳು. ಹೇಳಿದ ಹಾಗೆಯೇ, ಒಗೆದು, ಹೊರಗೆ.

ನನ್ನ ಬದುಕಿನ ಅತ್ಯುತ್ತಮ ಪ್ರದರ್ಶನ ಅದು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆಮೇಲೆ ಬೂಟಿನ ಸರದಿ. ಗುಂಪಿನಲ್ಲಿ ತಳಕ್ಕೆ ಮಣ್ಣು ಹತ್ತಿದ್ದದ್ದು ಇಬ್ಬರದು: ದುಬೈ ಕಂಡ ಕಾಕಾ, ಎಲ್ಲರಿಗೂ ತಾಲೀಮು ಕೊಟ್ಟ ನಾನು. ಇಬ್ಬರೂ ಕಾಲುಚೀಲದಲ್ಲಿ ನಿಂತೆವು. ನನ್ನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಬಂದು ಆ ದೇಶವನ್ನು ಮೊದಲು ನೋಡಿತು. ಹುಡುಗಿ ಕರೆದಿದ್ದ ಅಧಿಕಾರಿ ನಮ್ಮ ಬೂಟುಗಳನ್ನು ಒಯ್ದು ತೊಳೆದು, ಒರೆಸಿ, ತಂದು ಕೊಟ್ಟ. ಹೊರಗೆ ಕಾಯುತ್ತಿದ್ದ ಅತ್ತೆ ನನ್ನ ಹೊಳೆಯುವ ತಳ ನೋಡಿ ಕೇಳಿದಳು.

"ಯಾವ ಹೊಲದ್ದೋ ಮಣ್ಣು?"

"ಹಳ್ಳದ ಬಾಜೂಕಿಂದು."

"ಅದೂ ಹೋತು," ಅಂದಳು.

ಪ್ರವಾಸವಿಡೀ ಅವಳು ನನ್ನೊಡನೆ ಆಡಿದ್ದು ಅಷ್ಟೇ. ಹಸಿರು ಗುಡ್ಡ ನೋಡಿದಳು, ಹಾಲು ಕರೆಯುವ ಯಂತ್ರ ನೋಡಿದಳು, ಫೋಟೋಗಳಲ್ಲಿ ಎಲ್ಲರ ಜೊತೆ ನಿಂತಳು. ಕಾಕಾ ಕುರಿಗಳ ನಡುವೆ ನಿಂತು ತೆಗೆಸಿಕೊಂಡ ಫೋಟೋದಲ್ಲಿ ಕುರಿಗಳ ಮುಖದಲ್ಲೇ ಹೆಚ್ಚು ಕಳೆಯಿತ್ತು.

ತಿರುಗಿ ಬಂದಾಗ ಅತ್ತೆಗೆ ನೇರ ಬಮ್ಮಿಗಟ್ಟಿಗೆ ಹೋಗುವ ದಾರಿಯಿತ್ತು. ಹೋಗಲಿಲ್ಲ. ನಮ್ಮ ಮನೆಗೇ ಬಂದಳು. ಅವ್ವ ಒಲೆಯ ಮೇಲೆ ಬೆಲ್ಲದ ನೀರು ಇಟ್ಟಿದ್ದಳು, ಅಕ್ಕಿ ಬರುವುದೊಂದೇ ಬಾಕಿ. ಅಪ್ಪನ ಕುರ್ಚಿ ಗೋಡೆಗೇ ಮುಖ ಮಾಡಿತ್ತು.

"ಉಡಿ ಬಿಚ್ಚಂತ ಹೇಳು ಅಕಿಗೆ."

"ಉಡಿ ಇಲ್ಲ," ಅಂದಳು ಅತ್ತೆ. ನನ್ನನ್ನು ಬೈದು, ಆ ದೇಶದ ಕಾಯ್ದೆ ಹೇಳಿ, ಅತ್ತು, ಹೇಗಾದರೂ ಒಳಗೆ ಉಳಿಯಬಹುದಿತ್ತು. ಅವಳು ಗೋಡೆಯ ಮತ್ತು ಅಪ್ಪನ ನಡುವೆ ಹೋಗಿ ನಿಂತಳು. "ನೀ ಒಗಿ ಅಂದಿ. ಒಗದ್ನಿ."

"ನಾ ಯಾವಾಗ ಅಂದ್ನಿ?" ಅಷ್ಟು ವರ್ಷಗಳಲ್ಲಿ ತಂಗಿಗೆ ನೇರವಾಗಿ ಆಡಿದ ಮೊದಲ ಮಾತು ಇದು.

"ಅಂದಿ. ಆ ದೇಶದ ಮಟಾ ಬೆನ್ನ ಹತ್ತಿ ಬಂದು ಅಂದಿ. ನಿನ್ನ ಧ್ವನಿ ನನಗ ಗುರ್ತ ಸಿಗೂದಿಲ್ಲೇನು?"

ಅಪ್ಪನ ಕಣ್ಣು ನಿಧಾನವಾಗಿ ನನ್ನ ಮೇಲೆ ಬಂತು. "ಏನಂದ್ಯೋ ಬದ್ಮಾಶ್? ತಗಿ. ಇಲ್ಲೇ ತಗಿ ನೋಡೂಣು."

ನಾನು ಅವ್ವನ ಕಡೆ ನೋಡಿದೆ. ಅವ್ವ ಸೌಟು ನೋಡುತ್ತಿದ್ದಳು. ಎದ್ದು ನಿಂತು, ಚುಂಗು ಎತ್ತಿ, ತೆಗೆದೆ. ಅಂಗಳದಲ್ಲಿ ಎಮ್ಮೆ ಕಿವಿ ನಿಮಿರಿಸಿ ಒಳಗೆ ನೋಡಿತು.

"ನನ್ನ ಧ್ವನಿ ಹಂಗಿಲ್ಲ," ಅಂದ ಅಪ್ಪ.

"ಹಂಗ ಐತಿ," ಒಲೆಗೆ ಹೇಳಿದಳು ಅವ್ವ.

ಅಪ್ಪ ಮತ್ತೆ ಅತ್ತೆಯನ್ನು ನೋಡಲಿಲ್ಲ. "ಉಡಿ ಇಲ್ಲಂದ್ರ ತವರೂ ಇಲ್ಲಂತ ಹೇಳು ಅಕಿಗೆ."

ಅತ್ತೆ ಚೀಲ ಎತ್ತಿಕೊಂಡು ಅವ್ವನಿಗೆ ಹೇಳಿದಳು. "ತವರು ಅಲ್ಲಿ ಡಬ್ಬ್ಯಾಗ ಬಿದ್ದೈತಂತ ಹೇಳ್ರಿ ವೈನಿ. ಬೇಕಾದ್ರ ಹೋಗಿ ತಗೊಂಡ ಬರ್ಲಿ." ಹೊಸ್ತಿಲು ದಾಟಿ ನಿಂತು ಸೇರಿಸಿದಳು, "ಬೂಟ ಮಾತ್ರ ತೊಳಕೊಂಡು ಹೋಗಂತ ಹೇಳ್ರಿ."

ಬೆಲ್ಲದ ನೀರು ಒಲೆಯ ಮೇಲೆ ಅಂಟಾಗಿ, ಕಪ್ಪಾಗಿ, ಪಾತ್ರೆಗೆ ಹತ್ತಿತು. ಅದನ್ನು ಮರುದಿನ ತಿಕ್ಕಿದ್ದು ನಾನು.

ಈಗ ಅಪ್ಪ ಯಾರ ಮೇಲಾದರೂ ಕೂಗುವ ಮುಂಚೆ ನಾನು ಎಲ್ಲಿದ್ದೇನೆ ಎಂದು ನೋಡಿಕೊಳ್ಳುತ್ತಾನೆ. ನಾನಿದ್ದರೆ ದನಿ ತಗ್ಗಿಸುತ್ತಾನೆ, ಜೇಬು ಹಿಡಿದುಕೊಂಡು ಸಂತೆಯಲ್ಲಿ ನಡೆಯುವವನ ಹಾಗೆ. ತಂಗಿಯ ಮಾತು ಎತ್ತುವುದಿಲ್ಲ. ಅತ್ತೆ ಈ ಕಡೆ ಬಂದಿಲ್ಲ.

ಮೊನ್ನೆ ಪಂಚಮಿಯ ಹಿಂದಿನ ದಿನ ಅವಳ ಫೋನು ಬಂತು. ಸಿಟ್ಟು ಇಳಿದಿತ್ತೋ, ಹಬ್ಬ ಹತ್ತಿರ ಬಂದಾಗ ತಡೆಯಲಾಗಲಿಲ್ಲವೋ.

"ನಿಮ್ಮಪ್ಪನ ಧ್ವನಿ ತಗಿಯೋ ಮಂಗ್ಯಾ."

ನನ್ನ ಗಂಟಲು ಹಳೆಯ ಮಾತಿಗೆ ತಯಾರಾಯಿತು. ಅವಳು ತಡೆದಳು. "ಅದಲ್ಲ. ಬಾ ಅನ್ನು."

ಅಪ್ಪ ಅವಳಿಗೆ ಬಾ ಅಂದದ್ದನ್ನು ನಾನು ಒಮ್ಮೆಯೂ ಕೇಳಿದವನಲ್ಲ. ಕೇಳದ್ದನ್ನು ತೆಗೆಯಲು ನನಗೆ ಬರುವುದಿಲ್ಲ, ನನ್ನ ವಿದ್ಯೆ ಅಷ್ಟೇ. ಇದ್ದುದರಲ್ಲಿ ಮೆತ್ತಗಿನದೊಂದನ್ನು ಹುಡುಕಿ, ಉಸಿರು ಎಳೆದು, ಅಪ್ಪನಾಗಿ ಅಂದೆ: "ಬಾ… ಬಾ ನಮ್ಮವ್ವಾ, ಬಾ."



"ಅದು ಸಂಜೀಕ ಎಮ್ಮಿ ಕರಿಯೂದು," ಅಂದಳು. "ನನಗ ಕರದದ್ದು ತಗಿ."

"ಅದು ನನ್ನ ಕಡೆ ಇಲ್ಲ ಅತ್ತಿ."

ಆ ಕಡೆ ಪಾತ್ರೆ ಇಟ್ಟ ಸದ್ದಾಯಿತು. ಮಾವ ಏನೋ ಕೇಳಿದ.

"ಇರ್ಲಿ ಬಿಡು," ಅಂದಳು. "ಎಮ್ಮೀದ ಇನ್ನೊಮ್ಮೆ ತಗಿ."

ತೆಗೆದೆ.